ಅಮುಕಿದರೆ ಸರಿ

ಬಚ್ಚಲ ಬಕೆಟ್ಟಿನಲ್ಲಿ ಹಬೆಯಾಡುತ್ತಿದ್ದ ನೀರಿಗೆ ಭಾನುಪ್ರಿಯ ಮೊದಲು ಎಡಗೈ ಅದ್ದಿದಳು. ಚುರುಕ್ಕೆಂದಿತು, ತಟ್ಟನೆ ಎಳೆದುಕೊಂಡಳು. ಆಮೇಲೆ ಬಲಗೈ ಅದ್ದಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ನೀರಿನೊಳಗೆ ಇದ್ದವು. ಇದ್ದವೆಂದು ಕಣ್ಣು ಹೇಳುತ್ತಿತ್ತೇ ಹೊರತು ಕೈ ಹೇಳುತ್ತಿರಲಿಲ್ಲ. ಇನ್ನೊಂದು ಗಳಿಗೆ ನೋಡೋಣ ಎಂದು ಕಾದಳು. ಚರ್ಮ ಕೆಂಪಾಗತೊಡಗಿದಾಗ ಹೆದರಿ ಹೊರಗೆ ತೆಗೆದಳು. ದಿನಾ ಬೆಳಿಗ್ಗೆ ಈ ಪರೀಕ್ಷೆ, ದಿನಾ ಬೆಳಿಗ್ಗೆ ಫೇಲು. ಬೇಸಿಗೆಯಲ್ಲಿ ಕುಸ್ತಿಯ ಅಭ್ಯಾಸ ಮಾಡುವಾಗ ಕತ್ತಿನ ಮೇಲೆ ಬಿದ್ದಿದ್ದಳು. ಅವತ್ತು ಭುಜದಿಂದ ಬೆರಳ ತುದಿಯವರೆಗೆ ಕರೆಂಟು ಹೊಡೆದ ಹಾಗಾಗಿ, ಕೆಲವು ದಿನ ಜುಮುಜುಮು ಎಂದು, ಆಮೇಲೆ ಆ ಜುಮುಜುಮೂ ನಿಂತುಹೋಗಿತ್ತು. ಸದ್ಯ ನಿಂತಿತಲ್ಲ ಎಂದು ಖುಷಿಪಟ್ಟಿದ್ದಳು, ಹುಚ್ಚಿ. ಇವತ್ತು ಭಾನುವಾರ, ಅವಳು ಕೆಲಸ ಮಾಡುವ ಹಾರೋಹಳ್ಳಿ ಫ್ಯಾಕ್ಟರಿಗೆ ರಜೆ, ಸಂಜೆ ಚನ್ನಪಟ್ಟಣದಲ್ಲಿ ಶೋ. ಶೋ ಎಂದರೆ ಟೀವಿಯಲ್ಲಿ ಬರುವಂಥ ರಿಂಗ್ ಕುಸ್ತಿ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ, ಹೊಡೆತ ಅರ್ಧ ಸುಳ್ಳು, ಬೀಳುವುದು ಮಾತ್ರ ಪೂರ್ತಿ ನಿಜ. ಇಷ್ಟು ವರ್ಷ ಗಂಡಸರ ಎರಡು ಜೋಡಿಗಳ ನಡುವೆ, ಜನ ಎದ್ದು ಕಡಲೆಕಾಯಿ ತರಲು ಹೋಗುವ ಹೊತ್ತಿನಲ್ಲಿ, ಹೆಂಗಸರನ್ನು ರಿಂಗಿಗೆ ಬಿಡುತ್ತಿದ್ದರು. ಇವತ್ತು ಮೊಟ್ಟಮೊದಲ ಬಾರಿಗೆ ಅವಳದು ಕಡೆಯ ಜೋಡಿ. ಕಡೆಯ ಜೋಡಿ ಎಂದರೆ ಅದಕ್ಕೇ ಜನ ಬಂದಿರುತ್ತಾರೆ, ಅದಕ್ಕೇ ಕಾದು ಕೂತಿರುತ್ತಾರೆ. ಇಷ್ಟು ವರ್ಷ ಬೇಡಿ ಬೇಡಿ ಪಡೆದದ್ದು ಸಿಕ್ಕ ಹೊತ್ತಿಗೆ ಕೈ ಕೈಕೊಟ್ಟಿತ್ತು, ಮತ್ತು ಈ ವಿಷಯ ಅವಳಿಗೆ ಬಿಟ್ಟು ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ತಲೆ ಒರೆಸಿಕೊಳ್ಳುತ್ತಿದ್ದಾಗ ಗುಡೇಮಾರನಹಳ್ಳಿಯಿಂದ ಅವ್ವನ ಫೋನು ಬಂತು. ಚಿಕ್ಕಲಕ್ಷ್ಮಮ್ಮನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬಾರದು. ಮಾಗಡಿ ತಾಲ್ಲೂಕಿನಿಂದ ರಾಮನಗರಕ್ಕೆ ಬಾಯಿಂದಲೇ ಕೇಳಿಸಬೇಕು ಎಂಬ ಹಟ. "ಏನವ್ವ ಅದು, ಮಾಗಡಿ ಬಸ್‌ಸ್ಟ್ಯಾಂಡ್ ತಾವ ನಿನ್ ಫೋಟೋ ಆಕವ್ರಂತೆ, ಊರೋರೆಲ್ಲ ನೋಡ್ಕೊಂಡ್ ಬಂದ್ರು. ನಾನೂವೆ ವೋಗಿ ನೋಡ್ದೆ. ಅದ್ಯಾರ್ ಕಾಲೇ ಅದು?" ಭಾನುಪ್ರಿಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡಳು. "ಮಕ ನಿಂದೇಯ. ಕಾಲು ನಿಂದಲ್ಲ. ಎತ್ತ ತಾಯಿಗೆ ಗೊತ್ತಾಗಲ್ವಾ? ರಾಗಿ ಕುಯ್ಯೋವಾಗ ಕುಡ್ಲು ತಾಕಿದ್ ಗಾಯ ಎಲ್ಲೋಯ್ತು? ಅಷ್ಟುದ್ದ ಕಾಲು ನಮ್ ವಂಸದಾಗೇ ಯಾರಿಗೂ ಇಲ್ವಲ್ಲ." ಕಂಪ್ಯೂಟರಿನಲ್ಲಿ ಹಂಗೆ ಮಾಡ್ತಾರೆ ಕಣವ್ವ ಎಂದು ಹೇಳಿ ನಗಲು ನೋಡಿದಳು. ಅವ್ವ ನಗಲಿಲ್ಲ. "ಮಾಡೋದ್ ಮಾಡ್ತಾರೆ, ಒಸಿ ಬಟ್ಟೆಯಾದ್ರೂ ಆಕ್ಬಾರ್ದಾ," ಎಂದಳು. ಆಮೇಲೆ ದನಿ ಇಳಿಸಿ, "ಉಸಾರು ಕಣ್ ಮಗ, ಎದ್ರಿಕೆ ಆಯ್ತದೆ ನಂಗೆ," ಎಂದು ಫೋನಿಟ್ಟಳು. ತನಗೂ ಹೆದರಿಕೆ ಆಗುತ್ತದೆ ಎಂದು ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವ್ವ ಮುಂದಿನ ಬಸ್ಸಿಗೇ ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಕೂರಲಿ ಎಂದು ಒಂದು ಕ್ಷಣ ಆಸೆಯಾಯಿತು. ಆಸೆಯಾದದ್ದಕ್ಕೆ ನಾಚಿಕೆಯೂ ಆಯಿತು.

ರಾಮನಗರದ ಬಸ್ ನಿಲ್ದಾಣದ ಎದುರೂ ಅದೇ ಫ್ಲೆಕ್ಸು. ಎರಡಾಳೆತ್ತರ. 'ಮಾಗಡಿ ಹುಲಿ ಭಾನು' ಎಂದು ಹಳದಿ ಅಕ್ಷರ, ಬೆನ್ನ ಹಿಂದೆ ಬೆಂಕಿ, ಕೆಳಗೆ ಯಾವುದೋ ದೇಶದ ಯಾವುದೋ ಹೆಂಗಸಿನ ಬಿಳಿ ತೊಡೆ. ಗಂಡಸರೆಲ್ಲ ಕೆಳಗೆ ಸಾಲಾಗಿ ಸ್ಟಾಂಪಿನಷ್ಟು ಚಿಕ್ಕದಾಗಿದ್ದರು. ಮೇಲುನೋಟಕ್ಕೆ ನೋಡಿದವರು ಈ ಶೋ ಇವಳದೇ ಎಂದುಕೊಳ್ಳಬೇಕು. ಶೋ ನಡೆಸುವ ಅನಂತರಾಜು ಮೊದಲು ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದವನು. ಯಾವ ಬಟ್ಟೆ ಎಲ್ಲಿ ಕಟ್ಟಿದರೆ ಜನ ಒಳಗೆ ಬರುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಮೂಲೆಯಲ್ಲಿ ಮುಸುಕು ಹಾಕಿದ ಇನ್ನೊಂದು ಮುಖವಿತ್ತು, 'ಮುಸುಕಿನ ರಾಣಿ' ಎಂದು. ಅದು ನಿಖಾತ್, ರಿಂಗಿನಲ್ಲಿ ಇವಳ ಎದುರಾಳಿ. ಫ್ಲೆಕ್ಸಿನ ಬುಡದಲ್ಲಿ ನಿಂತಿದ್ದ ಇಬ್ಬರು ಹುಡುಗರು ಮೇಲೆ ನೋಡುತ್ತಾ ಏನೋ ಹೇಳಿಕೊಂಡು ನಕ್ಕರು. ಪಕ್ಕದಲ್ಲೇ ಬ್ಯಾಗು ಹಿಡಿದು ನಿಂತಿದ್ದ ಗಿಡ್ಡ ಹೆಂಗಸನ್ನು ಅವರು ಗುರುತಿಸಲಿಲ್ಲ. ಭಾನುಪ್ರಿಯಳಿಗೆ ಅವಮಾನವಾಯಿತೋ ಸಮಾಧಾನವಾಯಿತೋ ತಿಳಿಯಲಿಲ್ಲ. ಹಿಂದೆ ಒಂದು ಸಲ, ಗಂಗಹನುಮಯ್ಯನ ಗರಡಿಗೆ ಹೋಗಿ ನಾನೂ ಕಲೀತೀನಿ ಎಂದು ಕೇಳಿದ್ದಳು. ಆ ಮುದುಕ ಬಾಗಿಲಿಗೆ ಅಡ್ಡ ನಿಂತು, ಮಣ್ಣು ಮುಟ್ಟಬೇಡವ್ವ, ಒಳಗೆ ದೇವರವ್ನೆ, ಎಂದು ಕೈ ಮುಗಿದು ಕಳಿಸಿದ್ದ. ಬೈದಿದ್ದರೆ ವಾಪಸ್ಸು ಬೈಯಬಹುದಿತ್ತು, ಕೈ ಮುಗಿದವನಿಗೆ ಏನು ಹೇಳುವುದು. ಈಗ ಅದೇ ಗಂಗಹನುಮಯ್ಯ ಪಟ್ಟೆಪಟ್ಟೆ ಅಂಗಿ ತೊಟ್ಟು ಅನಂತರಾಜುವಿನ ಶೋದಲ್ಲಿ ರೆಫ್ರಿ. ರಿಂಗಿನ ಹಲಗೆಯ ಮೇಲೆ ದೇವರಿಲ್ಲವಾದ್ದರಿಂದ ಅವಳು ಅಲ್ಲಿ ಹತ್ತಬಹುದು, ಬೀಳಬಹುದು.

ನಿಖಾತ್ ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರದ ಟೀ ಅಂಗಡಿಯಲ್ಲಿ ಕಾಯುತ್ತಿದ್ದಳು. ಬುರ್ಖಾ, ಹೆಗಲಿಗೆ ಹೊಲಿಗೆ ಕ್ಲಾಸಿನ ಚೀಲ. ಚೀಲದೊಳಗೆ ಮುಸುಕು ಮತ್ತು ಬೂಟು. ರೇಷ್ಮೆ ಬಿಚ್ಚುವ ಇಮಾಮ್ ಸಾಬರಿಗೆ ಮಗಳು ಎಲ್ಲಿಗೆ ಹೋಗುತ್ತಾಳೆಂದು ಗೊತ್ತು, ಅವಳ ತಾಯಿ ಅಖ್ತರಿಗೆ ಗೊತ್ತಿಲ್ಲ. ಮುಸುಕು ಇರುವ ತನಕ ನನಗೂ ಗೊತ್ತಿಲ್ಲ ಎಂದು ಇಮಾಮ್ ಸಾಬರು ಮಗಳಿಗೆ ಹೇಳಿದ್ದರಂತೆ. ಮೊದಲೆಲ್ಲ ಈ ಹುಡುಗಿ ಕಂಡೊಡನೆ ಭಾನಕ್ಕಾ ಎಂದು ಓಡಿ ಬಂದು ತೋಳು ಹಿಡಿಯುತ್ತಿದ್ದಳು. ಕನಕಪುರದ ಶೋ ಆದಮೇಲೆ ಹಾಗಿಲ್ಲ. ಈಗಲೂ ಕೂತಲ್ಲಿಂದಲೇ ನಕ್ಕಳು, ನಗು ಬೇಗ ಮುಗಿಯಿತು. ಟೀ ಬಂತು. ಭಾನುಪ್ರಿಯ ಗ್ಲಾಸು ಎತ್ತಿ ಕೈಯಲ್ಲಿ ಹಿಡಿದುಕೊಂಡು ಎಷ್ಟು ಗಂಟೆ ಬಸ್ಸಿಗೆ ಹೋಗೋದು ಎಂದು ಕೇಳುತ್ತಿದ್ದಳು. ನಿಖಾತ್ ಅವಳ ಕೈಯನ್ನೇ ನೋಡುತ್ತಿದ್ದಳು.

"ಸುಡಲ್ವಾ ಅಕ್ಕ?"

ಭಾನುಪ್ರಿಯ ಕೆಳಗೆ ನೋಡಿಕೊಂಡಳು. ನಿಖಾತ್ ತನ್ನ ಗ್ಲಾಸನ್ನು ಬುರ್ಖಾದ ಅಂಚಿನಲ್ಲಿ ಸುತ್ತಿ ಹಿಡಿದಿದ್ದಳು. ಇವಳ ಬೆರಳುಗಳು ಕುದಿಯುವ ಗಾಜಿಗೆ ಬರಿದಾಗಿ ಅಂಟಿಕೊಂಡಿದ್ದವು.

"ನಮ್ಮಮ್ಮೀನೂ ಹಿಂಗೇ ಹಿಡ್ಕೊಳ್ಳೋದು," ಎಂದಳು ನಿಖಾತ್. "ಗೂಡು ಬೇಯಿಸೋ ನೀರಲ್ಲಿ ಕೈ ಇಟ್ಟೂ ಇಟ್ಟೂ ಬೆರಳು ಸತ್ತೋಗವೆ. ಒಲೆ ಮೇಲಿಂದ ತಪ್ಲೆ ಬಟ್ಟೆ ಇಲ್ದೇನೇ ಎತ್ಬುಡ್ತಾರೆ. ನೀವು ಗೂಡು ಬಿಚ್ಚಿದೋರಲ್ವಲ್ಲ?"

"ಫ್ಯಾಕ್ಟರೀಲಿ ಬಿಸಿ ಮಾಲು ಇಡ್ದು ಇಡ್ದು ಅಭ್ಯಾಸ ಕಣೇ," ಎಂದಳು ಭಾನುಪ್ರಿಯ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಭಯವಾಯಿತು. ಗ್ಲಾಸನ್ನು ಎಡಗೈಗೆ ಬದಲಾಯಿಸಿದಳು, ಸುಟ್ಟಿತು, ಸುಟ್ಟದ್ದನ್ನು ತೋರಿಸಿಕೊಳ್ಳದೆ ಕುಡಿದಳು.

ಚನ್ನಪಟ್ಟಣದ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು, ಮಾತು ಸಿಗಲಿಲ್ಲ. ಮೈಸೂರು ರಸ್ತೆಯ ಎಡಕ್ಕೆ ಬಲಕ್ಕೆ ಬಂಡೆಗಳು ಬಂದು ಹೋದವು. ಭಾನುಪ್ರಿಯ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಅದು ಬೇರೆ ಯಾರದೋ ಮಗುವೆಂಬಂತೆ ನೋಡುತ್ತಿದ್ದಳು. ರಿಂಗಿನಲ್ಲಿ ಈ ಕೈಗೆ ಇರುವುದು ಎರಡೇ ಕೆಲಸ. ಅವರ ಆಟದ ಕೊನೆಗೆ 'ಬಾವಿ' ಎಂಬ ಪಟ್ಟು ಬರುತ್ತದೆ: ನಿಖಾತ್‌ಳನ್ನು ತಲೆಕೆಳಗಾಗಿ ಎದೆಗವಚಿ ಎತ್ತಿ, ಬಾವಿಗೆ ಬಗ್ಗಿಸಿದ ಹಾಗೆ ಹಿಡಿದು, ಜನ ಉಸಿರು ಬಿಗಿ ಹಿಡಿದಾಗ ಹಲಗೆಗೆ ಹಾಕುವುದು. ಎತ್ತುವ ಮೊದಲು ಎಡಗೈ ಸೊಂಟದ ಪಟ್ಟಿಯನ್ನು ಹಿಡಿಯುತ್ತದೆ, ಭಾರವೆಲ್ಲ ಅದರದು. ಬಲಗೈ ಯಾರಿಗೂ ಕಾಣದ ಹಾಗೆ ನಿಖಾತ್‌ಳ ಅಂಗೈ ಹಿಡಿದು ಕೇಳುತ್ತದೆ, ಸರಿಯಾ? ಅವಳು ಅಮುಕಿದರೆ ಸರಿ. ಅಮುಕದಿದ್ದರೆ ಎಲ್ಲೋ ನೋವಾಗಿದೆ, ಉಸಿರು ಸಿಕ್ಕುತ್ತಿಲ್ಲ, ತಯಾರಿಲ್ಲ ಎಂದು. ಆಗ ಎತ್ತಬಾರದು, ಬೇರೇನಾದರೂ ಮಾಡಿ ಹೊತ್ತು ಕಳೆಯಬೇಕು. ಎತ್ತಿದ ಮೇಲೆ, ಬೀಳುವಾಗ, ಅದೇ ಬಲಗೈ ಅವಳ ಕತ್ತಿನ ಹಿಂದೆ ಹೋಗಬೇಕು. ಗಂಡಸರೂ ಹೀಗೇ ಮಾಡುವುದು. ರಿಂಗಿನ ಎಲ್ಲ ಸುಳ್ಳುಗಳ ನಡುವೆ ಇದೊಂದನ್ನು ಯಾರೂ ಸುಳ್ಳು ಮಾಡುವುದಿಲ್ಲ. ಕೈ ಬದಲಾಯಿಸಿ ನೋಡಿದ್ದಳು, ಕೋಣೆಯಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು: ಭಾರ ಬಲಗೈಗೆ ಕೊಟ್ಟರೆ ಮೂಟೆ ಜಾರಿ ದಪ್ಪನೆ ಬೀಳುತ್ತಿತ್ತು. ಭಾರಕ್ಕೆ ಎಡಗೈಯೇ ಆಗಬೇಕು, ಹಾಗಾದರೆ ಕೇಳುವುದಕ್ಕೆ ಉಳಿಯುವುದು ಸತ್ತ ಕೈ. ಕನಕಪುರದಲ್ಲಿ ಹೇಗೆ ಕೇಳಿದ್ದಳು? ನಿಖಾತ್‌ಳ ಕೈ ಹಿಡಿದದ್ದು ನೆನಪಿದೆ, ಅಮುಕಿದ್ದು ನೆನಪಿಲ್ಲ. ಅಮುಕಿರಬೇಕು, ಯಾವಾಗಲೂ ಅಮುಕುತ್ತಾಳಲ್ಲ, ಎಂದುಕೊಂಡು ಎತ್ತಿಬಿಟ್ಟಿದ್ದಳು. ಬಿದ್ದ ಮೇಲೆ ನಿಖಾತ್ ತುಂಬ ಹೊತ್ತು ಏಳಲಿಲ್ಲ. ಶಿಳ್ಳೆಯೋ ಶಿಳ್ಳೆ. ಎಷ್ಟು ಚೆನ್ನಾಗಿ ನಟಿಸ್ತಾಳೆ ಹುಡುಗಿ ಎಂದು ಆಗ ಇವಳೂ ಮನಸ್ಸಿನಲ್ಲಿ ಮೆಚ್ಚಿಕೊಂಡಿದ್ದಳು. ನಿಜವಾಗಿ ಮೆಚ್ಚಿಕೊಂಡಿದ್ದಳೋ, ಮೆಚ್ಚಿಕೊಂಡೆ ಎಂದು ಹೇಳಿಕೊಂಡಿದ್ದಳೋ. ಪಕ್ಕದಲ್ಲಿ ನಿಖಾತ್ ಕಿಟಕಿಯ ಕಡೆ ತಿರುಗುವಾಗ ತಲೆಯ ಜೊತೆ ಹೆಗಲನ್ನೂ ತಿರುಗಿಸುತ್ತಿದ್ದಳು. ಭಾನುಪ್ರಿಯ ಅದನ್ನು ನೋಡಿದಳು, ನೋಡಲಿಲ್ಲ ಎಂದುಕೊಂಡಳು.

ಮೈದಾನದಲ್ಲಿ ರಿಂಗು ನಿಂತಿತ್ತು, ಅದರ ಮೇಲೆ ಗಂಡಸರು ಇದ್ದರು. ಮಧ್ಯಾಹ್ನದಿಂದಲೂ ಅವರದೇ ಅಭ್ಯಾಸವಂತೆ. ನಮಗೂ ಒಸಿ ಹೊತ್ತು ಬುಡ್ರಪ್ಪ ಎಂದು ಕೇಳಿದ್ದಕ್ಕೆ ಲೋಕೇಶ್ ಎಂಬ ದಢೂತಿ ಹಗ್ಗಕ್ಕೆ ಒರಗಿಕೊಂಡು, "ನಿಮ್ದೇನಕ್ಕ ಅಭ್ಯಾಸ, ಕೂದ್ಲು ಇಡ್ಕೊಂಡ್ ಎಳೆದಾಡೋದು ತಾನೆ," ಎಂದ. ಕೆಟ್ಟವನಲ್ಲ, ಊಟದ ಹೊತ್ತಿನಲ್ಲಿ ಇವಳ ತಟ್ಟೆಗೆ ಮೊಟ್ಟೆ ಹಾಕುವವನು. ಅಂಥವನೇ ಹಾಗೆಂದಾಗ ಯಾರ ಹತ್ತಿರ ಜಗಳವಾಡುವುದು. ಗಂಡಸರಿಗೆ ಪಕ್ಕದ ಕಟ್ಟಡದಲ್ಲಿ ಕೋಣೆ ಕೊಟ್ಟಿದ್ದರು. ಹೆಂಗಸರಿಗೆ ಎಲ್ಲಿ ಎಂದರೆ ಅನಂತರಾಜು, ಅಗೋ ಅಲ್ಲಿ, ಎಂದು ಬಾಡಿಗೆಗೆ ತಂದು ನಿಲ್ಲಿಸಿದ್ದ ಆಂಬುಲೆನ್ಸ್ ತೋರಿಸಿದ. ಅದಕ್ಕೆ ಪರದೆ ಇದೆ, ಚಿಲಕ ಇದೆ, ಇನ್ನೇನು ಬೇಕು. ಇಬ್ಬರೂ ಹತ್ತಿ ಸ್ಟ್ರೆಚರಿನ ಮೇಲೆ ಬಟ್ಟೆಗಂಟು ಇಟ್ಟರು. ಭಾನುಪ್ರಿಯ ಬೂಟಿನ ದಾರ ಕಟ್ಟಿಕೊಳ್ಳಲು ಒದ್ದಾಡುತ್ತಾ, ಬೆರಳುಗಳು ದಾರವನ್ನು ಹಿಡಿದಿವೆಯೋ ಬಿಟ್ಟಿವೆಯೋ ಎಂದು ಬಗ್ಗಿ ಬಗ್ಗಿ ನೋಡುತ್ತಾ, ಸಮಾಧಾನ ಹೇಳಿಕೊಂಡಳು. ಕಡೆಯ ಜೋಡಿ ಎಂದರೆ ಹೊತ್ತು ಬೇಕಾದಷ್ಟು ಸಿಗುತ್ತದೆ. ಸುತ್ತು ಹಾಕುತ್ತಾ, ಹಗ್ಗಕ್ಕೆ ತಳ್ಳುತ್ತಾ, ನಿಖಾತ್ ಹೇಗಿದ್ದಾಳೆಂದು ಮುಖ ನೋಡಿ ತಿಳಿಯಬಹುದು. ಬಾವಿ ಪಟ್ಟಿಗೆ ಬರುವ ಹೊತ್ತಿಗೆ ಕಣ್ಣಲ್ಲೇ ಕೇಳಿಬಿಡಬಹುದು. ಆಗ ಅನಂತರಾಜು ಪರದೆಯ ಹೊರಗೆ ಕೆಮ್ಮಿದ.

"ಭಾನವ್ವ, ಒಸಿ ಚೇಂಜು. ಲೀಡ್ರು ಬಂದವ್ರೆ, ಬೇಗ ಹೊಂಟೋಯ್ತಾರಂತೆ. ಹೆಂಗಸ್ರುದ್ದು ನೋಡ್ಕೊಂಡೇ ವೋಗೋದು ಅಂತ ಕುಂತವ್ರೆ. ಅದ್ಕೆ ನಿಮ್ದು ಮೊದ್ಲೇ ಬುಡ್ತೀನಿ. ಕಡೇದು ಲೋಕೇಶಂದಾಗ್ಲಿ."

"ಫ್ಲೆಕ್ಸಲ್ಲಿ ಕಡೇದು ನಮ್ದೂ ಅಂತ ಆಕಿದ್ದೀರಲ್ಲಣ್ಣ."

"ಫ್ಲೆಕ್ಸು ಜನ ಬರೋಕೆ ತಾನೆ? ಬಂದ್ಬುಟ್ರಲ್ಲ." ಅವನು ಖುಷಿಯಾಗಿಯೇ ಹೇಳಿದ. "ಇನ್ನೊಂದು. ಸುತ್ತಾಡೋದು ಗಿತ್ತಾಡೋದು ಬ್ಯಾಡ, ಅವ್ರಿಗೆ ಟೇಮಿಲ್ಲ. ರಿಂಗ್ ಮ್ಯಾಕೆ ಅತ್ತು, ಸೀದಾ ಬಾವಿ ಆಕ್ಬುಡು, ಮುಗ್ಸು. ಆಗಲ್ಲ ಅನ್ನಂಗಿದ್ರೆ ಈಗ್ಲೇ ಯೋಳವ್ವ, ಚೈತ್ರಾ ರೆಡಿಯಾಗಿ ನಿಂತವ್ಳೆ."

ಚೈತ್ರಾ ಹೊಸ ಹುಡುಗಿ, ಕಾಲು ಉದ್ದವಿದೆ; ಫ್ಲೆಕ್ಸಿಗೆ ಬೇರೆಯವರ ಕಾಲು ಅಂಟಿಸುವ ಖರ್ಚೂ ಉಳಿಯುತ್ತದೆ. ಆಗಲ್ಲ ಎಂಬ ಮಾತು ಭಾನುಪ್ರಿಯಳ ಗಂಟಲವರೆಗೆ ಬಂತು. ಅಂದುಬಿಟ್ಟರೆ ನಾಳೆಯಿಂದ ಇವಳು ಬರೀ ಹಾರೋಹಳ್ಳಿ ಫ್ಯಾಕ್ಟರಿಯ ಹೆಂಗಸು, ನೀಲಿ ಟೋಪಿ, ಪಂಚಿಂಗು, ತಲೆ ತಗ್ಗಿಸಿ ಮಾಲು ತುಂಬುವುದು, ಅದೂ ಈ ಕೈಯಲ್ಲಿ ಎಷ್ಟು ದಿನ. ರಿಂಗಿಗೆ ಹತ್ತುವ ಆ ಮೂರು ಮೆಟ್ಟಿಲ ಮೇಲೆ ಜನ ಹೋ ಎಂದು ಕೂಗಿದಾಗ ಮೈ ಜುಮ್ಮೆನ್ನುತ್ತದಲ್ಲ, ಅದೊಂದು ಕಡೆ ಮಾತ್ರ ಅವಳು ಯಾರ ಮಗಳೂ ಯಾರ ಕೆಲಸದವಳೂ ಅಲ್ಲ. ಆಯ್ತಣ್ಣ, ಎಂದಳು. ಅವನ ಚಪ್ಪಲಿ ಸದ್ದು ದೂರವಾಯಿತು. ನಿಖಾತ್ ಮುಸುಕನ್ನು ಕೈಯಲ್ಲಿ ಹಿಡಿದುಕೊಂಡು ಸ್ಟ್ರೆಚರಿನ ಅಂಚಿನಲ್ಲಿ ಕೂತಿದ್ದಳು.

"ಭಾನಕ್ಕ, ಒಂದ್ ಮಾತು ಕೇಳ್ತೀನಿ. ಕನಕಪುರದಲ್ಲಿ ನಾನು ಅಮುಕಿರ್ಲಿಲ್ಲ."

ಹೊರಗೆ ಡೀಜೆ ಹಾಡು ಶುರುವಾಗಿತ್ತು, ಆಂಬುಲೆನ್ಸಿನ ತಗಡು ಅದುರುತ್ತಿತ್ತು.

"ಅದ್ಕೆ ಮುಂಚೆ ಹಗ್ಗಕ್ಕೆ ಬಿದ್ದಾಗ್ಲೇ ಕತ್ತು ಹಿಡ್ಕೊಂಡಿತ್ತು. ಅದ್ಕೇ ಅಮುಕ್ಲಿಲ್ಲ. ನೀವು ಎತ್ತಿದ್ರಿ. ಯಾಕೆ ಎತ್ತಿದ್ರಿ?"

"ನೀನು ಅಮುಕ್ದೆ ಅನ್ಕಂಡೆ ಕಣೇ," ಎಂದಳು ಭಾನುಪ್ರಿಯ. "ಗಲಾಟೇಲಿ, ಬೆವ್ರಲ್ಲಿ... ಅಮುಕ್ದಂಗೇ ಆಯ್ತು."

ಸುಳ್ಳಲ್ಲ, ನಿಜವೂ ಅಲ್ಲ. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇನ್ನು ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಗ್ಗಿ ಬೂಟಿನ ದಾರವನ್ನು ಮತ್ತೆ ಎಳೆದು ಕಟ್ಟಿದಳು. ನಿಖಾತ್ ಉಸಿರುಬಿಟ್ಟು, "ಅಷ್ಟೇನಾ? ನಾನು ಇಷ್ಟು ದಿವ್ಸ ಏನೇನೋ ಅನ್ಕೊಂಡಿದ್ದೆ ಅಕ್ಕ. ಕಡೇ ಜೋಡಿ ಸಿಗ್ಲಿ ಅಂತ ಬೇಕೂಂತ್ಲೇ ಎತ್ತಿದ್ರಿ ಅಂತ. ಅಲ್ಲಾ ನನ್ನ ಮಾಫ್ ಮಾಡ್ಲಿ," ಎಂದು ನಕ್ಕಳು. ಹಳೆಯ ನಗು. "ಇವತ್ತು ಜೋರಾಗಿ ಅಮುಕ್ತೀನಿ, ಗೊತ್ತಾಗ್ಲೇಬೇಕು, ಹಂಗೆ." ಮುಸುಕು ಹಾಕಿಕೊಂಡು ಮೊದಲಿನ ಹಾಗೆ ಇವಳ ತೋಳು ಹಿಡಿದುಕೊಂಡು ಕೆಳಗಿಳಿದಳು. ಆ ನಂಬಿಕೆಯನ್ನು ಹೊತ್ತುಕೊಂಡು ನಡೆಯುವುದು ಭಾನುಪ್ರಿಯಳಿಗೆ ಕಷ್ಟವಾಯಿತು. ಬೈದಿದ್ದರೆ, ಜಗಳವಾಡಿದ್ದರೆ ಚೆನ್ನಾಗಿತ್ತು.

ದೀಪದ ಬೆಳಕಿಗೆ ಮೈದಾನ ಕಾಣಲಿಲ್ಲ, ಕೂಗು ಮಾತ್ರ ಬಂತು. ಮೊದಲ ಸಾಲಿನ ಸೋಫಾದಲ್ಲಿ ಬಿಳಿ ಬಟ್ಟೆಗಳು, ಎಲ್ಲ ಕೈಗಳಲ್ಲೂ ಎತ್ತಿ ಹಿಡಿದ ಮೊಬೈಲು. ಹುಲೀ ಹುಲೀ ಎಂದರು, ಕಾಲ್ ಎಲ್ಲೋ ಎಂದು ಯಾರೋ ಕಿರುಚಿದ, ನಗೆ ಎದ್ದಿತು. ಗಂಗಹನುಮಯ್ಯ ಇಬ್ಬರ ಕೈಯನ್ನೂ ಹಿಡಿದು ಎತ್ತಿ, ತುಟಿಯಲ್ಲಾಡಿಸದೆ, "ಬೇಗ ಮುಗಿಸ್ರವ್ವ, ಗೆಲ್ಲೋದು ನೀನು, ಗೊತ್ತಲ್ಲ," ಎಂದು ಭಾನುಪ್ರಿಯಳಿಗೆ ನೆನಪು ಮಾಡಿದ. ಗಂಟೆ ಬಾರಿಸಿದರು. ಒಂದು ಸಲ ತಳ್ಳಾಡಿದರು, ಒಂದು ಕೆನ್ನೆಗೆ ಹೊಡೆದ ಸದ್ದು ಮಾಡಿದರು. ರಿಂಗಿನ ಕೆಳಗಿನಿಂದ ಅನಂತರಾಜು ಕೈ ತಿರುಗಿಸಿದ, ಆಗಲಿ ಆಗಲಿ ಎಂದು. ನಿಖಾತ್ ಸರಿಯಾಗಿ ಬಂದು ಬಗ್ಗಿದಳು. ಭಾನುಪ್ರಿಯಳ ಎಡಗೈ ಸೊಂಟದ ಪಟ್ಟಿಯನ್ನು ಹುಡುಕಿ ಹಿಡಿಯಿತು. ಬಲಗೈ ಕೆಳಗೆ ಹೋಗಿ ನಿಖಾತ್‌ಳ ಅಂಗೈ ಹಿಡಿಯಿತು. ಹಿಡಿಯಿತು ಎಂದು ಕಣ್ಣು ಹೇಳಬೇಕಿತ್ತು, ಕಣ್ಣಿಗೆ ನಿಖಾತ್‌ಳ ಬೆನ್ನು ಅಡ್ಡ ಬಂದಿತ್ತು. ಕಾದಳು. ಏನೂ ಇಲ್ಲ. ಈಗ ಆ ಹುಡುಗಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಅಮುಕುತ್ತಿರಬಹುದು, ಗೊತ್ತಾಗಲೇಬೇಕು ಎಂದು. ಅಥವಾ ಕತ್ತು ಮತ್ತೆ ಹಿಡಿದುಕೊಂಡು ಕೈ ಸಡಿಲ ಬಿಟ್ಟು, ಬೇಡ ಅಕ್ಕಾ ಬೇಡ ಎಂದು ಬೇಡುತ್ತಿರಬಹುದು. ಎರಡೂ ಇವಳಿಗೆ ಒಂದೇ. "ನಿಖಾತ್, ಬಾಯಲ್ಲಿ ಯೋಳೇ, ಸರಿನಾ?" ಎಂದು ಅವಳ ಬೆನ್ನಿಗೆ ಹೇಳಿದಳು. ಡೀಜೆಯಲ್ಲಿ ಅದು ಇವಳಿಗೇ ಕೇಳಿಸಲಿಲ್ಲ. ಎತ್ತು, ಎತ್ತು ಎಂದು ಮೈದಾನವೆಲ್ಲ ಚಪ್ಪಾಳೆ ತಟ್ಟತೊಡಗಿತು. ಎತ್ತಿದರೆ ಮುಗಿಯಿತು, ಬಹುಶಃ ಏನೂ ಆಗುವುದಿಲ್ಲ, ಕನಕಪುರದಲ್ಲೂ ಸಾಯಲಿಲ್ಲವಲ್ಲ. ಆ ಯೋಚನೆ ತನ್ನ ತಲೆಯಲ್ಲೇ ಹುಟ್ಟಿತೆಂದು ಗೊತ್ತಾದಾಗ ಭಾನುಪ್ರಿಯ ಎಂದೂ ಹೆದರದಷ್ಟು ಹೆದರಿದಳು. ಎಡಗೈ ಬಿಟ್ಟಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ಯಾರೂ ತಳ್ಳದೆ, ಯಾರೂ ಹೊಡೆಯದೆ, ಬೆನ್ನಡಿಯಾಗಿ ಹಲಗೆಯ ಮೇಲೆ ಬಿದ್ದಳು.

ಚಪ್ಪಾಳೆ ಗೊಂದಲಕ್ಕೆ ಬಿದ್ದು ನಿಂತಿತು. ಡೂಪು, ಡೂಪು ಎಂದು ಒಬ್ಬ ಕೂಗಿದ. ನಿಖಾತ್ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, ಕಲಿತದ್ದು ನೆನಪಾಗಿ ಇವಳ ಎದೆಯ ಮೇಲೆ ಅಡ್ಡ ಬಿದ್ದು ಭುಜಗಳನ್ನು ಒತ್ತಿ ಹಿಡಿದಳು. ರೆಫ್ರಿ ಮೂರು ಎಣಿಸುವವರೆಗೆ ಭುಜ ಎತ್ತದಿದ್ದರೆ ಸೋತಂತೆ. ಮುಸುಕಿನ ತೂತುಗಳಲ್ಲಿ ಕಣ್ಣುಗಳು ಇಷ್ಟು ಹತ್ತಿರ ಬಂದವು.

"ಏನಾಯ್ತಕ್ಕ? ಇಷ್ಟೊಂದು ಅಮುಕಿದ್ನಲ್ಲ!"

"ನಂಗೊತ್ತಾಗಲ್ಲ ಕಣೇ," ಎಂದಳು ಭಾನುಪ್ರಿಯ. "ಬಲಗೈ ಸತ್ತೋಗೈತೆ. ನೀನು ಅಮುಕುದ್ರೂ ಗೊತ್ತಾಗಲ್ಲ, ಬುಟ್ರೂ ಗೊತ್ತಾಗಲ್ಲ."

ಒಂದು, ಎಂದು ಗಂಗಹನುಮಯ್ಯ ಹಲಗೆ ಬಡಿದ.

"ಕನಕಪುರದಲ್ಲೂ?"

"ಅವತ್ತೂವೆ."

ಎರಡು. ಮುದುಕನ ಅಂಗೈ ಗಾಳಿಯಲ್ಲೇ ನಿಂತಿತು. "ಭುಜ ಎತ್ತವ್ವ, ಲೇ, ನೀನ್ ತಾನೆ ಗೆಲ್ಬೇಕು, ಭುಜ ಎತ್ತು," ಎಂದು ಗಾಬರಿಯಲ್ಲಿ ಪಿಸುಗುಟ್ಟಿದ. ಭಾನುಪ್ರಿಯ ಭುಜ ಎತ್ತಲಿಲ್ಲ. ಬೇರೆ ದಾರಿಯಿಲ್ಲದೆ ಅವನು ಮೂರನೆಯದನ್ನೂ ಬಡಿದ.

ಅನಂತರಾಜು ಬುದ್ಧಿವಂತ, ಮೈಕು ಕಿತ್ತುಕೊಂಡು, ಹುಲಿ ಬಿತ್ತು, ರಾಣಿ ಗೆದ್ದಳು, ಸೇಡಿಗಾಗಿ ಮುಂದಿನ ಶೋಗೆ ತಪ್ಪದೆ ಬನ್ನಿ ಎಂದು ಕೂಗಿ ಮರ್ಯಾದೆ ಉಳಿಸಿಕೊಂಡ. ಬಿಳಿ ಬಟ್ಟೆಗಳು ನಗುತ್ತಾ ಎದ್ದು ಹೋದವು. ಮೆಟ್ಟಿಲ ಹತ್ತಿರ ಅವನು ಭಾನುಪ್ರಿಯಳ ಪಕ್ಕಕ್ಕೆ ಬಂದು, ಬೈಯಲೂ ಇಲ್ಲ, "ಮುಂದುಲ್ ಸಲದಿಂದ ನೀನು ಮನೇಲಿರವ್ವ," ಎಂದಷ್ಟೇ ಹೇಳಿ ಲೋಕೇಶನನ್ನು ಕರೆಯಲು ಹೋದ. ಇಷ್ಟು ದಿನ ಯಾವ ಮಾತಿಗೆ ಹೆದರಿ ಬದುಕಿದ್ದಳೋ ಆ ಮಾತು ಇಷ್ಟೇ ಉದ್ದವಿತ್ತು. ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ನಿಖಾತ್‌ಳನ್ನು ಎತ್ತಲಿಲ್ಲವಲ್ಲ, ಅವಳ ಕತ್ತು ಉಳಿಯಿತಲ್ಲ ಎಂದುಕೊಂಡು ಆಂಬುಲೆನ್ಸಿನ ಕಡೆಗೆ ಬಹುಮಟ್ಟಿಗೆ ಹಗುರಾಗಿಯೇ ನಡೆದಳು. ಸಮಾಧಾನ ಹೇಳಿಸಿಕೊಳ್ಳಬೇಕೆಂಬ ಆಸೆಯೂ ಒಳಗೆಲ್ಲೋ ಇತ್ತು.

ನಿಖಾತ್ ಮುಸುಕು ಕಳಚಿ, ಬೆವರಿದ ಕೂದಲಲ್ಲಿ ಸ್ಟ್ರೆಚರಿನ ಮೇಲೆ ಕೂತಿದ್ದಳು. ಇವಳು ಒಳಗೆ ಬಂದು ಪರದೆ ಎಳೆದರೂ ತಲೆ ಎತ್ತಲಿಲ್ಲ.

"ಯಾವಾಗಿಂದ?"

"ಬ್ಯಾಸ್ಗೆಯಿಂದ."

"ಈಗ ಒಸಿ ಹೊತ್ತು ಮುಂಚೆ ಇಲ್ಲೇ ಕೂತ್ಕೊಂಡು ಕೇಳಿದ್ನಲ್ಲ ನಾನು. ಬಾಯ್ಬಿಟ್ಟು ಕೇಳಿದ್ನಲ್ಲ ಅಕ್ಕ."

ಕೊನೆಗೆ ಎತ್ತಲಿಲ್ಲವಲ್ಲ ಎಂದು ಭಾನುಪ್ರಿಯ ಹೇಳಬಹುದಿತ್ತು; ಆ ಮಾತು ಬಾಯಿಗೆ ಬರುವಷ್ಟರಲ್ಲೇ ಸಣ್ಣದಾಗಿ ಕಂಡಿತು.

"ನೀವು ಕೆಟ್ಟೋರು ಅನ್ಕೊಂಡಿದ್ದೆ," ಎಂದಳು ನಿಖಾತ್. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. "ಕೆಟ್ಟೋರಾಗಿದ್ರೇ ಚೆನ್ನಾಗಿತ್ತು. ಕೆಟ್ಟೋರಾದ್ರೆ ನಾನು ಹುಷಾರಾಗಿರ್ತಿದ್ದೆ. ಒಳ್ಳೇವ್ರು ಅಂತ ಗೊತ್ತಾದ್ಮೇಲಲ್ವಾ ಬಗ್ಗಿ ಕತ್ತು ಕೊಟ್ಟಿದ್ದು."

ಆಮೇಲೆ ಅವಳು ಇದ್ದಕ್ಕಿದ್ದಂತೆ ಭಾನುಪ್ರಿಯಳ ಬಲಗೈಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಅಮುಕಿದಳು. "ಗೊತ್ತಾಗ್ತದಾ?" ಎಂದಳು. ಇಲ್ಲ, ಎಂದಳು ಭಾನುಪ್ರಿಯ. ಇನ್ನೂ ಜೋರಾಗಿ ಅಮುಕಿದಳು, ತೋಳು ನಡುಗುವಷ್ಟು. ಇದು? ಇಲ್ಲ. ನಿಖಾತ್ ನಂಬಲಿಲ್ಲ, ಅಥವಾ ನಂಬಲು ಭಯಪಟ್ಟಳು. ಉಗುರು ಇಟ್ಟು, ಹಲ್ಲು ಕಚ್ಚಿ, ತೋರುಬೆರಳಿನ ತುದಿಯ ಮಾಂಸಕ್ಕೆ ಒತ್ತಿದಳು. ಬೆರಳ ತುದಿ ಬೆಳ್ಳಗಾಯಿತು, ಉಗುರಿನ ಅಂಚಿನಲ್ಲಿ ರಕ್ತದ ಒಂದು ಗೆರೆ ಮೂಡಿತು. ಹುಡುಗಿಯ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. "ಈಗ ಅಕ್ಕ? ಈಗ್ಲಾದ್ರೂ ಗೊತ್ತಾಗ್ತದಾ?" ಹ್ಞೂಂ ಎಂದುಬಿಡಲೇ, ಒಸಿ ಗೊತ್ತಾಗ್ತದೆ ಎಂದುಬಿಡಲೇ, ಈ ಮಗುವಿನ ಅಳುವಾದರೂ ನಿಲ್ಲುತ್ತದೆ ಎಂದು ಭಾನುಪ್ರಿಯಳಿಗೆ ತುಂಬಾ ಆಸೆಯಾಯಿತು. ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ ಕಣೇ," ಎಂದಳು. "ಇಲ್ಲ."